ರೂಡ್ ಎನ್ನುವ ಮುನ್ನ: ಒಂದು ಇಂಗ್ಲಿಷ್ ಪದದ ಅರ್ಥ, ಬಳಕೆ, ಎಚ್ಚರಿಕೆ

ಮೀಟಿಂಗ್ ಮುಗಿಸಿ ಹೊರಬಂದವರು "ಮೇಡಂ ಇವತ್ತು ಸ್ವಲ್ಪ ರೂಡ್ ಆಗಿ ಮಾತಾಡಿದ್ರು" ಎನ್ನುತ್ತಾರೆ. ಶಾಲೆಯ ಪಾಲಕರ ಸಭೆಯಲ್ಲಿ "ನಿಮ್ಮ ಮಗನದು ರೂಡ್ ಬಿಹೇವಿಯರ್" ಎಂಬ ದೂರು ಕೇಳಿಬರುತ್ತದೆ. ಆಸ್ಪತ್ರೆ, ಹೋಟೆಲು, ಬ್ಯಾಂಕು, ಬಸ್ಸು ಹೀಗೆ ಎಲ್ಲಿ ಮನಸ್ಸು ನೊಂದರೂ ಮೊದಲು ಬಾಯಿಗೆ ಬರುವ ಪದ ರೂಡ್. ಕನ್ನಡದ ಆಡುಮಾತಿನಲ್ಲಿ ಇಷ್ಟು ಸಲೀಸಾಗಿ ಬೆರೆತಿರುವುದರಿಂದ ಅದರ ಅರ್ಥ ನಮಗೆ ಚೆನ್ನಾಗಿಯೇ ಗೊತ್ತು ಎಂದುಕೊಂಡಿರುತ್ತೇವೆ.

ಆದರೆ ಈ ಪದದ ಸುತ್ತ ನಮಗೆ ಎರಡು ತೊಂದರೆಗಳಿವೆ. ಮೊದಲನೆಯದು, ಕಡಿಮೆ ಮಾತಿನವರು, ಕಡ್ಡಿ ಮುರಿದಂತೆ ಹೇಳುವವರು, ಶಿಸ್ತಿನವರು, ಬೇಕೆಂದೇ ಅವಮಾನ ಮಾಡುವವರು ಎಲ್ಲರಿಗೂ ನಾವು ಇದೊಂದೇ ಹಣೆಪಟ್ಟಿ ಹಚ್ಚುತ್ತೇವೆ. ಎರಡನೆಯದು ಇನ್ನೂ ಮುಖ್ಯ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಮಾತಾಡುವಾಗ, ಮನಸ್ಸಿನಲ್ಲಿ ಎಳ್ಳಷ್ಟೂ ಅಗೌರವ ಇಲ್ಲದಿದ್ದರೂ ಕೇಳುವವರ ಕಿವಿಗೆ ನಾವೇ ರೂಡ್ ಆಗಿಬಿಡುತ್ತೇವೆ. ಸಂದರ್ಶನಕ್ಕೆ ಹೋಗುವ ಹುಡುಗಿಗೆ, ವಿದೇಶದ ಪ್ರಾಧ್ಯಾಪಕರಿಗೆ ಇ-ಮೇಲ್ ಬರೆಯುವ ವಿದ್ಯಾರ್ಥಿಗೆ, ಕ್ಲೈಂಟ್ ಜೊತೆ ಫೋನಿನಲ್ಲಿ ಮಾತಾಡುವ ನೌಕರನಿಗೆ ಇದರಿಂದ ನಿಜವಾದ ನಷ್ಟವಾಗುತ್ತದೆ. ಈ ಎರಡೂ ತೊಂದರೆಗಳನ್ನು ಅಭ್ಯಾಸದಿಂದ ಸರಿಪಡಿಸಿಕೊಳ್ಳಬಹುದು.

ಒರಟು ಎಂಬುದೇ ಮೂಲಾರ್ಥ

ರೂಡ್ ಪದದ ಬೇರು ಲ್ಯಾಟಿನ್ ಭಾಷೆಯ ರೂಡಿಸ್. ಇನ್ನೂ ಕೆತ್ತದ, ಹದ ಮಾಡದ, ನಯಗೊಳಿಸದ ವಸ್ತುವಿಗೆ ರೋಮನ್ನರು ಬಳಸುತ್ತಿದ್ದ ವಿಶೇಷಣ ಅದು. ಫ್ರೆಂಚ್ ಭಾಷೆಯ ಮೂಲಕ ಇಂಗ್ಲಿಷಿಗೆ ಬಂದ ಮೇಲೂ ಬಹಳ ಕಾಲ ಆ ಅರ್ಥ ಉಳಿಯಿತು. ಯಾವುದೇ ವಿದ್ಯೆಯ ಆರಂಭದ ಪಾಠಗಳಿಗೆ ಹೇಳುವ ರುಡಿಮೆಂಟ್ಸ್ ಇದೇ ಬೇರಿನದು. ಪಂಡಿತರಿಗೆ ಹೇಳುವ ಎರುಡೈಟ್ ಕೂಡ ಇದೇ ಬೇರಿನದು. ಒರಟುತನದಿಂದ ಹೊರಗೆ ಬಂದವನು ಎಂಬುದು ಅದರ ಮೂಲಾರ್ಥ. ಕಚ್ಚಾ ತೈಲಕ್ಕೆ ಹೇಳುವ ಕ್ರೂಡ್ ಮಾತ್ರ ಪ್ರಾಸದಲ್ಲಷ್ಟೇ ನೆಂಟ. ಅದರ ಮೂಲ ಕ್ರೂಡಸ್, ಹಸಿ ಎಂದರ್ಥ.

ಕನ್ನಡದ ಒರಟು ಕೂಡ ಹೀಗೇ ಬೆಳೆದ ಪದ. ಒರಟು ಬಟ್ಟೆ, ಒರಟು ಕಲ್ಲು, ಒರಟು ಕೈ ಎನ್ನುವ ನಾವು ಒರಟು ಮಾತು, ಒರಟ ಎಂದೂ ಹೇಳುತ್ತೇವೆ. ಮುಟ್ಟಿದಾಗ ತರಚುವ ಗುಣವನ್ನು ಎರಡು ಭಾಷೆಗಳೂ ನಡವಳಿಕೆಗೆ ಎತ್ತಿಕೊಂಡಿವೆ. ಆದ್ದರಿಂದ ರೂಡ್ ಪದಕ್ಕೆ ಕನ್ನಡದಲ್ಲಿ ಅತಿ ಹತ್ತಿರದ ಸಮಾನಪದ ಒರಟು. ಅಸಭ್ಯ, ಅವಿನಯದ, ಮರ್ಯಾದೆಗೆಟ್ಟ ಎಂಬವು ಸಂದರ್ಭ ನೋಡಿ ಬಳಸಬೇಕಾದವು.

ಉಚ್ಚಾರದಲ್ಲಿ ರೂ ದೀರ್ಘ. ರೋಡ್ ಎಂದು ಜಾರಿದರೆ ರಸ್ತೆಯಾಗುತ್ತದೆ. ಕನ್ನಡದಲ್ಲಿ ಬರೆಯುವಾಗ ಅಲ್ಪಪ್ರಾಣದ ಡ ಸಾಕು. ನಮ್ಮ ರೂಢಿ ಪದಕ್ಕೂ ಇದಕ್ಕೂ ಸಂಬಂಧವಿಲ್ಲ.

ವಾಕ್ಯದಲ್ಲಿ ಬಳಸುವ ಬಗೆ

ಯಾರ ಜೊತೆ ಒರಟಾಗಿ ನಡೆದುಕೊಂಡರೋ ಅವರ ಹೆಸರಿಗೆ ಮೊದಲು ಟು ಬರಬೇಕು. "ಹಿ ವಾಸ್ ರೂಡ್ ಟು ಮಿ" ಎಂಬುದು ಸರಿಯಾದ ರೂಪ. ಕನ್ನಡದ "ನನ್ನ ಜೊತೆ" ಎಂಬುದನ್ನು ಹಾಗೇ ಇಳಿಸಿ "ರೂಡ್ ವಿತ್ ಮಿ" ಎನ್ನುವ ಅಭ್ಯಾಸ ನಮ್ಮಲ್ಲಿ ವ್ಯಾಪಕವಾಗಿದೆ. ಅದನ್ನು ಬಿಡುವುದು ಒಳ್ಳೆಯದು. ಒಂದು ವಸ್ತು ಅಥವಾ ವಿಷಯವನ್ನು ಹೀಯಾಳಿಸಿದರೆ ಅಬೌಟ್ ಬರುತ್ತದೆ: "ಶಿ ವಾಸ್ ರೂಡ್ ಅಬೌಟ್ ಮೈ ಕುಕಿಂಗ್." ಒಂದು ನಿರ್ದಿಷ್ಟ ಕೆಲಸವನ್ನು ತಪ್ಪೆಂದು ಹೇಳುವಾಗ ಆಫ್: "ಇಟ್ ವಾಸ್ ರೂಡ್ ಆಫ್ ಹಿಮ್ ಟು ಲೀವ್ ವಿದೌಟ್ ಎ ವರ್ಡ್." ಒಂದು ಮಾತೂ ಹೇಳದೆ ಎದ್ದುಹೋದದ್ದು ಅವನ ಒರಟುತನ ಎಂಬ ತೀರ್ಪು ಇದರಲ್ಲಿದೆ.

"ಡೋಂಟ್ ಟಾಕ್ ರೂಡ್" ಎಂಬುದು ಬೆಂಗಳೂರಿನ ಬೀದಿಗಳಲ್ಲಿ ಕೇಳುವ ಮಾತು. ಮಾತಾಡುವ ಬಗೆಯನ್ನು ಹೇಳುವುದರಿಂದ ಇಲ್ಲಿ ರೂಡ್ಲಿ ಎಂಬ ಕ್ರಿಯಾವಿಶೇಷಣ ಬೇಕು. ಇಲ್ಲವೇ "ಡೋಂಟ್ ಬಿ ರೂಡ್" ಎನ್ನಬೇಕು. ನಾಮಪದ ರೂಡ್‌ನೆಸ್. ಹೋಲಿಕೆಗೆ ರೂಡರ್, ರೂಡೆಸ್ಟ್.

ಇವೆಲ್ಲಕ್ಕಿಂತ ಉಪಯುಕ್ತವಾದ ಒಂದು ವ್ಯಾಕರಣದ ಅಂಶವಿದೆ. "ಯು ಆರ್ ರೂಡ್" ಎಂದರೆ ನೀವು ಸ್ವಭಾವದಿಂದಲೇ ಒರಟರು ಎಂದಂತೆ. "ಯು ಆರ್ ಬೀಯಿಂಗ್ ರೂಡ್" ಎಂದರೆ ಈ ಕ್ಷಣದ ನಿಮ್ಮ ವರ್ತನೆ ಒರಟಾಗಿದೆ ಎಂದಷ್ಟೇ. ಬೀಯಿಂಗ್ ಎಂಬ ಒಂದು ಪದ ವ್ಯಕ್ತಿಯನ್ನು ಬಿಟ್ಟು ವರ್ತನೆಯನ್ನು ಹಿಡಿಯುತ್ತದೆ. ಮೊದಲ ಮಾತಿಗೆ ಜಗಳವೇ ಉತ್ತರ. ಎರಡನೆಯದಕ್ಕೆ ಎದುರಿನವರು ತಿದ್ದಿಕೊಳ್ಳಲು ಜಾಗವಿದೆ. ಮಕ್ಕಳಿಗೆ ಬುದ್ಧಿ ಹೇಳುವ ತಂದೆತಾಯಿ, ಶಿಕ್ಷಕರು ಈ ವ್ಯತ್ಯಾಸವನ್ನು ನೆನಪಿಡಬೇಕು. "ನೀನು ಒರಟ" ಎಂದು ದಿನವೂ ಕೇಳುವ ಮಗು ಅದನ್ನೇ ತನ್ನ ಹೆಸರೆಂದು ನಂಬತೊಡಗುತ್ತದೆ.

ಬೈಗುಳವಲ್ಲದ ರೂಡ್

ಪದ ಒಂದೇ ಆದರೂ ಅರ್ಥ ಬೇರೆಯಾಗುವ ಪ್ರಯೋಗಗಳಿವೆ. ರೂಡ್ ಶಾಕ್, ರೂಡ್ ಅವೇಕನಿಂಗ್ ಎಂದರೆ ದಿಢೀರನೆ ಬಂದೆರಗಿದ ಕಹಿ ಅರಿವು. ಬ್ರಿಟನ್ನಿನಲ್ಲಿ ಅಜ್ಜನೊಬ್ಬರು ರೂಡ್ ಹೆಲ್ತ್‌ನಲ್ಲಿದ್ದಾರೆ ಎಂದರೆ ಕಲ್ಲುಗುಂಡಿನಂತೆ ಗಟ್ಟಿಯಾಗಿದ್ದಾರೆ ಎಂದು ಸಂತೋಷಪಡಬೇಕು. ರೂಡ್ ಜೋಕ್ ಎಂದರೆ ಅಲ್ಲಿ ಅಶ್ಲೀಲ ನಗೆಮಾತು. ಮಕ್ಕಳಿಗೆ "ದಟ್ಸ್ ಎ ರೂಡ್ ವರ್ಡ್" ಎಂದರೆ ಅದು ಕೆಟ್ಟ ಪದ, ಆಡಬೇಡ ಎಂದರ್ಥ.

ಹಳೆಯ ಇಂಗ್ಲಿಷ್ ಸಾಹಿತ್ಯ ಓದುವವರು ಇನ್ನೂ ಎಚ್ಚರದಿಂದಿರಬೇಕು. ಅಮೆರಿಕದ ಸ್ವಾತಂತ್ರ್ಯ ಸಮರದ ಮೊದಲ ಕಾದಾಟಗಳಲ್ಲೊಂದು 1775ರಲ್ಲಿ ಕಾನ್‌ಕಾರ್ಡ್ ಊರಿನ ಸೇತುವೆಯೊಂದರ ಬಳಿ ನಡೆಯಿತು. ಅದರ ಸ್ಮಾರಕಕ್ಕಾಗಿ 1837ರಲ್ಲಿ ಬರೆದ ಗೀತೆಯಲ್ಲಿ ಅಮೆರಿಕದ ಲೇಖಕ ಎಮರ್ಸನ್ ಆ ಮರದ ಸೇತುವೆಗೆ ಇದೇ ವಿಶೇಷಣ ಕೊಟ್ಟಿದ್ದಾನೆ. ಇಂಗ್ಲಿಷ್ ಕವಿ ಥಾಮಸ್ ಗ್ರೇ 1751ರಲ್ಲಿ ಪ್ರಕಟಿಸಿದ ಶೋಕಗೀತೆಯಲ್ಲಿ ಹಳ್ಳಿಯ ಹಿರಿಯರಿಗೂ ಇದೇ ಪದ ಬಂದಿದೆ. ಸೇತುವೆ ಉದ್ಧಟವಾಗಿತ್ತೆಂದಾಗಲಿ, ಹಿರಿಯರು ಮರ್ಯಾದೆಗೆಟ್ಟವರೆಂದಾಗಲಿ ಇವುಗಳ ಅರ್ಥವಲ್ಲ. ನಯನಾಜೂಕಿಲ್ಲದ, ಸರಳವಾದ ಎಂಬುದೇ ಅಲ್ಲಿನ ಭಾವ.

ಹಳ್ಳಿಯವರಿಗೂ ಒರಟುತನಕ್ಕೂ ಗಂಟು ಹಾಕುವ ಅಭ್ಯಾಸ ಇಂಗ್ಲಿಷಿನಲ್ಲಿ ಆಳವಾಗಿದೆ. ಒರಟನಿಗೆ ಹೇಳುವ ಬೂರ್ ಪದದ ಹಿಂದೆ ರೈತನಿಗೆ ಹೇಳುವ ಡಚ್ ಪದವಿದೆ. ಒರಟು ಎಂಬರ್ಥದ ಚರ್ಲಿಷ್ ಪದದ ಹಿಂದೆ ಹಳೆಯ ಇಂಗ್ಲೆಂಡಿನ ಸಾಮಾನ್ಯ ಒಕ್ಕಲಿದ್ದಾನೆ. ವಿಲನ್ ಕೂಡ ಮೂಲದಲ್ಲಿ ಜಮೀನಿನಲ್ಲಿ ದುಡಿಯುವ ಆಳು. ಸಭ್ಯತೆಯ ಪದಗಳಾದರೋ ಕರ್ಟಿಯಸ್ ಅರಮನೆಯಿಂದ, ಅರ್ಬೇನ್ ನಗರದಿಂದ ಬಂದಿವೆ. ನಾವೂ ಹೊರತಲ್ಲ. ನಾಗರಿಕ ಎಂಬ ಪದದಲ್ಲಿ ನಗರವಿದೆ. ಗ್ರಾಮ್ಯ ಎಂಬುದನ್ನು ಕಾವ್ಯಮೀಮಾಂಸೆ ದೋಷವೆಂದು ಎಣಿಸಿತು, ಗಮಾರ ಇಂದಿಗೂ ಬೈಗುಳ. ಹಳ್ಳಿಯ ಆಡುಮಾತಿನವರನ್ನು, ಉತ್ತರ ಕರ್ನಾಟಕದ ಗಡಸು ದನಿಯವರನ್ನು ಕೇಳಿದ ತಕ್ಷಣ ರೂಡ್ ಎಂದು ತೀರ್ಮಾನಿಸುವವರು ಈ ಹಳೆಯ ಪಕ್ಷಪಾತವನ್ನೇ ಮುಂದುವರಿಸುತ್ತಿದ್ದಾರೆ. ಹುಬ್ಬಳ್ಳಿಯ "ಏನ್ರೀ, ಬರ್ರಿ, ಕುಂದರ್ರಿ" ಎಂಬುದರಲ್ಲಿರುವ ರೀ ಗೌರವದ ಗುರುತು. ಮೈಸೂರು ಕಡೆಯ ಕಿವಿಗೆ "ಏನ್ರೀ" ಗದರಿಕೆಯಂತೆ ಕೇಳಿಸಿದರೆ ತಪ್ಪು ಹೇಳಿದವರದಲ್ಲ.

ಸರಿಯಾದ ಪದ ಆರಿಸಿಕೊಳ್ಳಿ

ರೂಡ್ ಪದದ ಸುತ್ತ ಇಂಗ್ಲಿಷಿನಲ್ಲಿ ದೊಡ್ಡ ಬಳಗವೇ ಇದೆ. ದಿನಬಳಕೆಗೆ ಬೇಕಾದವು ಇವು:

* ಇಂಪೊಲೈಟ್: ಸೌಜನ್ಯ ತಪ್ಪಿದ. ರೂಡ್‌ಗಿಂತ ಸೌಮ್ಯ. ನಮಸ್ಕಾರಕ್ಕೆ ಪ್ರತಿನಮಸ್ಕಾರ ಮಾಡದಿರುವುದು ಇಂಪೊಲೈಟ್.
* ಕರ್ಟ್: ತುಂಡು ಮಾತಿನ. ಮೂಲಾರ್ಥವೇ ಕತ್ತರಿಸಿದ ಎಂದು. ಉದ್ದದ ಪತ್ರಕ್ಕೆ "ನೋಟೆಡ್" ಎಂಬ ಒಂದೇ ಪದದ ಉತ್ತರ ಕರ್ಟ್.
* ಬ್ರಸ್ಕ್: ಧಾವಂತದ, ಬಿರುಸಿನ. ಕೆಲಸದ ಒತ್ತಡದಲ್ಲಿರುವ ಕೌಂಟರ್ ಸಿಬ್ಬಂದಿ ಅನೇಕ ಸಲ ಬ್ರಸ್ಕ್ ಆಗಿರುತ್ತಾರೆ, ರೂಡ್ ಆಗಿರುವುದಿಲ್ಲ.
* ಬ್ಲಂಟ್: ನಿಷ್ಠುರ, ನೇರ. ಹರಿತವಿಲ್ಲದ ಕತ್ತಿಗೂ ಇದೇ ಪದವಿದೆ ಎಂದು ಕನ್ನಡದ ಮೊಂಡ ಎಂಬುದಕ್ಕೆ ಸಮ ಮಾಡಬಾರದು. ಮೊಂಡ ಹಟಮಾರಿ, ಬ್ಲಂಟ್ ಆದವರು ಇದ್ದದ್ದನ್ನು ಇದ್ದ ಹಾಗೆ ಹೇಳುವವರು.
* ಇಂಪರ್ಟಿನೆಂಟ್: ಅಧಿಕಪ್ರಸಂಗಿ. ಸಂಬಂಧಪಡದ್ದು ಎಂಬುದು ಅದರ ಮೂಲಾರ್ಥ. ನಮ್ಮ ಅಧಿಕಪ್ರಸಂಗವೂ ಪ್ರಸ್ತುತಕ್ಕೆ ಮೀರಿದ ಮಾತೇ. ಎರಡು ಭಾಷೆಗಳು ಇಷ್ಟು ಚೆನ್ನಾಗಿ ಕೂಡುವುದು ಅಪರೂಪ.
* ಇನ್ಸೊಲೆಂಟ್: ಉದ್ಧಟ. ಬೇಕೆಂದೇ ತೋರುವ ಅಗೌರವ.
* ಇಂಪ್ಯುಡೆಂಟ್: ನಾಚಿಕೆಗೆಟ್ಟ. ಪದದ ಒಳಗೇ ಲಜ್ಜೆಯಿಲ್ಲದ ಎಂಬ ಅರ್ಥವಿದೆ.
* ಚೀಕಿ: ತಲೆಹರಟೆಯ, ತರಲೆ. ಬೈಗುಳದ ಜೊತೆಗೆ ಅರ್ಧ ಮುದ್ದೂ ಇರುತ್ತದೆ.
* ಸರ್ಲಿ: ಸದಾ ಸಿಡುಕು ಮೋರೆಯ.
* ಅಬ್ನಾಕ್ಷಸ್: ಪಕ್ಕದಲ್ಲಿ ಕೂರಲೂ ಆಗದಷ್ಟು ಅಸಹ್ಯ ವರ್ತನೆಯ. ಬಹಳ ಕಟುವಾದ ಪದ, ಜೋಪಾನ.

ಇವುಗಳಲ್ಲಿ ಮೂರಕ್ಕೆ ದಿಕ್ಕಿದೆ. ಇನ್ಸೊಲೆಂಟ್, ಇಂಪರ್ಟಿನೆಂಟ್, ಇಂಪ್ಯುಡೆಂಟ್ ಎಂಬವನ್ನು ಸಾಮಾನ್ಯವಾಗಿ ಮೇಲಿನವರು ಕೆಳಗಿನವರಿಗೆ ಹೇಳುತ್ತಾರೆ. ವಿದ್ಯಾರ್ಥಿ ಶಿಕ್ಷಕರ ಎದುರು ಇನ್ಸೊಲೆಂಟ್ ಆಗಬಹುದು. ಶಿಕ್ಷಕರು ವಿದ್ಯಾರ್ಥಿಯ ಮೇಲೆ ಹರಿಹಾಯ್ದರೆ ಅದಕ್ಕೆ ಹೈಹ್ಯಾಂಡೆಡ್ ಅಥವಾ ಓವರ್‌ಬೇರಿಂಗ್ ಎನ್ನಬೇಕು. ನಮ್ಮ ಉದ್ಧಟತನವೂ ಹೀಗೇ ಮೇಲಿನಿಂದ ಕೆಳಕ್ಕೆ ಹರಿಯುವ ಪದ. ರೂಡ್ ಮಾತ್ರ ಎಲ್ಲ ದಿಕ್ಕಿಗೂ ಸಲ್ಲುತ್ತದೆ. ಮಾಲೀಕರೂ ರೂಡ್ ಆಗಬಹುದು, ಮನೆಗೆಲಸದವರೂ ಆಗಬಹುದು. ಈ ಸಮಾನತೆಯೇ ಈ ಪದದ ದೊಡ್ಡ ಗುಣ.

ನಮ್ಮ ನಗರಗಳ ಮಾತಿನಲ್ಲಿ "ಅವನು ರ್‍ಯಾಶ್ ಆಗಿ ಮಾತಾಡ್ತಾನೆ" ಎಂಬ ಪ್ರಯೋಗವೂ ಇದೆ. ಇಂಗ್ಲಿಷಿನಲ್ಲಿ ರ್‍ಯಾಶ್ ಎಂದರೆ ಹಿಂದುಮುಂದು ನೋಡದ, ದುಡುಕಿನ ಎಂದರ್ಥ. ರ್‍ಯಾಶ್ ಡ್ರೈವಿಂಗ್ ಸರಿ. ಒರಟು ಮಾತಿಗೆ ರೂಡ್ ಅಥವಾ ಹಾರ್ಷ್ ಬೇಕು. "ಆಟಿಟ್ಯೂಡ್ ತೋರಿಸ್ತಾನೆ" ಎಂಬುದಕ್ಕೆ ನಮ್ಮಲ್ಲೇ ದಿಮಾಕು, ದೌಲತ್ತು ಎಂಬ ಗಟ್ಟಿ ಪದಗಳಿವೆ.

ಅಧಿಕೃತ ದೂರು ಬರೆಯುವಾಗಲಂತೂ ಪದದ ಆಯ್ಕೆ ಒಬ್ಬರ ಅನ್ನಕ್ಕೇ ಸಂಬಂಧಿಸಿದ್ದು. ರೂಡ್ ಎಂಬುದು ಅಭಿಪ್ರಾಯ. ಇನ್‌ಸಬಾರ್ಡಿನೇಷನ್, ಅಂದರೆ ಅವಿಧೇಯತೆ, ಕಾನೂನಿನ ಪದ: ಕೈಗಾರಿಕಾ ನೌಕರರ ಸೇವಾ ಷರತ್ತುಗಳ ಕುರಿತ 1946ರ ಸ್ಥಾಯಿ ಆದೇಶಗಳ ಕಾಯ್ದೆಯಡಿ ರೂಪಿಸಿದ ಮಾದರಿ ನಿಯಮಗಳು ಅದನ್ನು ದುರ್ನಡತೆಗಳ ಪಟ್ಟಿಯಲ್ಲಿ ಸೇರಿಸಿದ್ದವು. ಅನ್‌ರೂಲಿ (ಅಂಕೆಗೆ ಸಿಗದ) ಎಂಬುದಕ್ಕೂ ಅಂಥದೇ ತೂಕವಿದೆ. ವಿಮಾನಯಾನ ಮಹಾನಿರ್ದೇಶನಾಲಯ 2017ರಲ್ಲಿ ತಂದ ನಿಯಮ ವಿಮಾನದಲ್ಲಿ ಬಾಯಿಮಾತಿನ ಕಿರುಕುಳ ಕೊಟ್ಟವರಿಗೂ 3 ತಿಂಗಳವರೆಗೆ ಹಾರಾಟ ನಿಷೇಧಿಸಲು ಅವಕಾಶ ಕೊಟ್ಟಿತು. ಮೈಮೇಲೆ ಕೈಮಾಡಿದರೆ 6 ತಿಂಗಳವರೆಗೆ. ಜೀವಕ್ಕೆ ಅಪಾಯ ತರುವ ವರ್ತನೆಗೆ 2 ವರ್ಷ ಅಥವಾ ಹೆಚ್ಚು. ದೂರಿನಲ್ಲಿ ವಿಶೇಷಣಗಳನ್ನು ಪೇರಿಸುವುದಕ್ಕಿಂತ ಯಾರು, ಎಷ್ಟು ಹೊತ್ತಿಗೆ, ಯಾವ ಮಾತು ಆಡಿದರು ಎಂದು ಬರೆಯಿರಿ. ಓದುವವರೇ ತೂಗಿ ನೋಡಲಿ.

ಇಂಗ್ಲಿಷ್ ಕಳೆದುಕೊಂಡ ಏಕವಚನ

"ಏಕವಚನದಲ್ಲಿ ವಾಗ್ದಾಳಿ" ಎಂಬ ಶೀರ್ಷಿಕೆ ಕನ್ನಡ ಪತ್ರಿಕೆಗಳ ಓದುಗರಿಗೆ ಚಿರಪರಿಚಿತ. ಕನ್ನಡದಲ್ಲಿ ಒರಟಾಗಲು ಬೈಗುಳವೇ ಬೇಕಿಲ್ಲ, ನೀವು ಹೋಗಿ ನೀನು ಬಂದರೆ ಸಾಕು. ಒಂದು ಕಾಲದಲ್ಲಿ ಇಂಗ್ಲಿಷಿನಲ್ಲೂ ಹೀಗೇ ಇತ್ತು. ದೌ ಎಂಬುದು ನೀನು, ಯು ಎಂಬುದು ನೀವು. 1603ರಲ್ಲಿ ಇಂಗ್ಲೆಂಡಿನ ನಾವಿಕ ಸರ್ ವಾಲ್ಟರ್ ರ್‍ಯಾಲಿಯ ಮೇಲೆ ರಾಜದ್ರೋಹದ ವಿಚಾರಣೆ ನಡೆದಾಗ ಸರ್ಕಾರಿ ವಕೀಲ ಎಡ್ವರ್ಡ್ ಕೋಕ್ ತುಂಬಿದ ನ್ಯಾಯಾಲಯದಲ್ಲಿ ಬೇಕೆಂದೇ ದೌ ಎಂದು ಕರೆದು ಅವನನ್ನು ಅವಮಾನಿಸಿದ. ಅದೇ ಶತಮಾನದಲ್ಲಿ ಕ್ವೇಕರ್ ಪಂಥದವರು ದೇವರ ಮುಂದೆ ಎಲ್ಲರೂ ಸಮಾನರೆಂದು ಅಧಿಕಾರಿಗಳನ್ನೂ ಏಕವಚನದಲ್ಲಿ ಮಾತಾಡಿಸಿ ಅವರ ಕೋಪಕ್ಕೆ ತುತ್ತಾದರು.

ಕ್ರಮೇಣ ದೌ ಮರೆಯಾಯಿತು. ಎಲ್ಲರಿಗೂ ಯು ಒಂದೇ ಉಳಿಯಿತು. ಸರ್ವನಾಮದಲ್ಲಿ ಗೌರವ ತೋರಿಸುವ ದಾರಿ ಇಂಗ್ಲಿಷಿಗೆ ಇಲ್ಲವಾದ ಮೇಲೆ ಆ ಹೊರೆಯನ್ನು ಪ್ಲೀಸ್, ಕುಡ್, ವುಡ್, ಮೇ, ಥ್ಯಾಂಕ್ ಯು ಮುಂತಾದವು ಹೊತ್ತವು.

ಕನ್ನಡದ ಸಭ್ಯತೆಯಾದರೋ ಕ್ರಿಯಾಪದದ ತುದಿಯಲ್ಲಿದೆ. ಕೊಡು ಎಂಬುದಕ್ಕೂ ಕೊಡಿ ಎಂಬುದಕ್ಕೂ ನಡುವೆ ಒಂದು ಸ್ವರದ ಅಂತರವಷ್ಟೇ, ಆದರೆ ಎರಡು ಲೋಕಗಳ ವ್ಯತ್ಯಾಸ. "ಸ್ವಲ್ಪ ಆ ಫೈಲ್ ಕೊಡಿ ಸರ್" ಎನ್ನುವಾಗ ಸ್ವಲ್ಪ ಎಂಬುದು ಅಳತೆಯಲ್ಲ, ವಿನಯ. ಅಣ್ಣ, ಅಕ್ಕ, ಸ್ವಾಮಿ, ಯಜಮಾನ್ರೇ, ಮಾರಾಯ್ರೆ ಎಂಬ ಕರೆಗಳೆಲ್ಲ ಅದೇ ಕೆಲಸ ಮಾಡುತ್ತವೆ. ದಯವಿಟ್ಟು ಎಂಬುದು ನಮ್ಮಲ್ಲಿ ಹೆಚ್ಚಾಗಿ ಫಲಕಗಳಿಗೆ, ಅರ್ಜಿಗಳಿಗೆ ಮೀಸಲು. ಊಟಕ್ಕೆ ಕೂತಾಗ "ದಯವಿಟ್ಟು ಉಪ್ಪು ಕೊಡು" ಎಂದರೆ ಮನೆಯವರು ಗಾಬರಿಯಾಗುತ್ತಾರೆ.

"ಕೊಡಿ" ಎಂಬುದನ್ನು "ಗಿವ್ ಮಿ" ಎಂದು ಇಂಗ್ಲಿಷಿಗೆ ತಂದಾಗ ಆ ತುದಿಯ ಇಕಾರ ದಾರಿಯಲ್ಲೇ ಬಿದ್ದುಹೋಗುತ್ತದೆ. ಉಳಿಯುವುದು ಬರೀ ಕೊಡು. ನಮ್ಮ ಇಂಗ್ಲಿಷ್ ರೂಡ್ ಆಗಿ ಕೇಳಿಸಲು ಮುಖ್ಯ ಕಾರಣ ಇದೇ. ನಮ್ಮ ಸಂಸ್ಕಾರದಲ್ಲಿ ಕೊರತೆಯಿಲ್ಲ. ಅದು ಭಾಷಾಂತರದಲ್ಲಿ ಸೋರಿಹೋಗುತ್ತಿದೆ.

ತಿದ್ದಿಕೊಳ್ಳಬಹುದಾದ ಮಾತುಗಳು

ಈ ಕೆಳಗಿನವು ಕನ್ನಡದಲ್ಲಿ ನಿರ್ದೋಷ, ಇಂಗ್ಲಿಷಿಗೆ ನೇರವಾಗಿ ಇಳಿಸಿದಾಗ ಒರಟು:

* ಫೋನಿನಲ್ಲಿ "ಯಾರು ಮಾತಾಡೋದು?" ಎಂಬುದನ್ನು "ಹೂ ಆರ್ ಯು?" ಎನ್ನಬೇಡಿ. "ಮೇ ಐ ನೋ ಹೂ ಈಸ್ ಕಾಲಿಂಗ್?" ಎನ್ನಿ.
* "ಹೇಳಿ" ಎಂದು ಕರೆ ಸ್ವೀಕರಿಸುವುದು ನಮ್ಮಲ್ಲಿ ಸೌಜನ್ಯ. "ಟೆಲ್ ಮಿ" ಎಂಬುದು ಹೊರದೇಶದವರಿಗೆ ಆಜ್ಞೆ. "ಹೌ ಕ್ಯಾನ್ ಐ ಹೆಲ್ಪ್ ಯು?" ಸಾಕು.
* "ಏನು ಬೇಕು?" ಎಂಬುದು "ವಾಟ್ ಡು ಯು ವಾಂಟ್?" ಆದರೆ ಗದರಿದಂತೆ. "ವಾಟ್ ವುಡ್ ಯು ಲೈಕ್?" ಎನ್ನಿ.
* "ನಿಮ್ಮ ಸಮಸ್ಯೆ ಏನು?" ಎಂದು ಕಾಳಜಿಯಿಂದ ಕೇಳುವಾಗ "ವಾಟ್ ಈಸ್ ಯುವರ್ ಪ್ರಾಬ್ಲಮ್?" ಎಂದರೆ ಜಗಳಕ್ಕೆ ಕರೆದಂತೆ. "ವಾಟ್ ಸೀಮ್ಸ್ ಟು ಬಿ ದ ಪ್ರಾಬ್ಲಮ್?" ಸುರಕ್ಷಿತ.
* "ಮಾಡಿದರೆ ಒಳ್ಳೆಯದು" ಎಂಬ ಸಲಹೆಗೆ "ಯು ಹ್ಯಾಡ್ ಬೆಟರ್ ಡು ಇಟ್" ಬಳಸಿದರೆ, ಮಾಡದಿದ್ದರೆ ನೋಡು ಎಂಬ ಬೆದರಿಕೆಯ ಧ್ವನಿ ಬರುತ್ತದೆ. "ಇಟ್ ಮೈಟ್ ಬಿ ಎ ಗುಡ್ ಐಡಿಯಾ ಟು" ಎಂದು ಶುರುಮಾಡಿ.
* "ಬ್ಯಾಂಕ್ ತೆರೆದಿದೆಯಾ?" ಎಂದು ಕೇಳಿದವರಿಗೆ "ಆಫ್ ಕೋರ್ಸ್" ಎಂದರೆ ಅಷ್ಟೂ ಗೊತ್ತಿಲ್ಲವೇ ಎಂದಂತೆ. "ಯೆಸ್, ಇಟ್ ಈಸ್" ಎನ್ನಿ. ಸಹಾಯ ಕೇಳಿದಾಗ ಮಾತ್ರ "ಆಫ್ ಕೋರ್ಸ್" ಚೆಂದ.
* "ನೀವೆಲ್ಲ" ಎಂಬುದಕ್ಕೆ "ಯು ಪೀಪಲ್" ಬೇಡ. ಅದರಲ್ಲಿ ನೀವೇ ಬೇರೆ, ನಾವೇ ಬೇರೆ ಎಂಬ ತಿರಸ್ಕಾರ ಕೇಳಿಸುತ್ತದೆ. "ಯು ಆಲ್" ಅಥವಾ "ಯುವರ್ ಟೀಮ್" ಎನ್ನಿ.

ಪ್ಲೀಸ್ ಹಚ್ಚಿದ ಮಾತ್ರಕ್ಕೆ ಆಜ್ಞೆ ವಿನಂತಿಯಾಗುವುದಿಲ್ಲ ಎಂಬುದೂ ನೆನಪಿರಲಿ. ಇಂಗ್ಲಿಷಿನಲ್ಲಿ ವಿನಂತಿಯ ಸಹಜ ರೂಪ ಪ್ರಶ್ನೆ. ನಾವು "ಕೊಡ್ತೀರಾ?" ಎನ್ನುವಂತೆಯೇ ಅವರು "ಕುಡ್ ಯು" ಎನ್ನುತ್ತಾರೆ. ಈ ಒಂದು ಹೋಲಿಕೆಯನ್ನು ಹಿಡಿದುಕೊಂಡರೆ ಅರ್ಧ ಕೆಲಸ ಮುಗಿಯಿತು.

ಕಚೇರಿಯ ಒಂದು ಸಂದೇಶವನ್ನೇ ನೋಡೋಣ. "ಇವತ್ತು ರಿಪೋರ್ಟ್ ಕಳಿಸಿ" ಎಂಬುದು ಕನ್ನಡದಲ್ಲಿ ಹೇಳಬೇಕಾದ್ದು. "ಸೆಂಡ್ ದ ರಿಪೋರ್ಟ್ ಟುಡೇ" ಎಂದರೆ ಶುದ್ಧ ಆಜ್ಞೆ. "ಪ್ಲೀಸ್ ಸೆಂಡ್ ದ ರಿಪೋರ್ಟ್ ಟುಡೇ" ಎಂದರೆ ಸ್ವಲ್ಪ ಮೆದುವಾದ ಆಜ್ಞೆ, ಕೈಕೆಳಗಿನವರಿಗೆ ಸರಿಹೋಗಬಹುದು. "ಕುಡ್ ಯು ಸೆಂಡ್ ದ ರಿಪೋರ್ಟ್ ಟುಡೇ?" ಎಂಬುದು ಯಾರಿಗೂ ಸಲ್ಲುವ ವಿನಂತಿ. "ಕುಡ್ ಯು ಸೆಂಡ್ ದ ರಿಪೋರ್ಟ್ ಬೈ ಫೈವ್? ದ ಕ್ಲೈಂಟ್ ಮೀಟಿಂಗ್ ಈಸ್ ಅಟ್ ಸಿಕ್ಸ್" ಎಂದಾಗ ಕಾರಣವೂ ಸೇರಿತು. ಗಡುವು ಬಿಗಿಯಾಗಿಯೇ ಇದೆ, ಓದುವವರ ಮರ್ಯಾದೆಯೂ ಉಳಿದಿದೆ. ಕಾರಣ ಕೊಡುವುದು ಪ್ಲೀಸ್‌ಗಿಂತ ದೊಡ್ಡ ಗೌರವ. ಇನ್ನೊಂದು ತುದಿಗೆ ಹೋಗಿ "ಐ ಹಂಬ್ಲಿ ರಿಕ್ವೆಸ್ಟ್ ಯುವರ್ ಗುಡ್ ಸೆಲ್ಫ್ ಟು ಕೈಂಡ್ಲಿ ಡು ದ ನೀಡ್‌ಫುಲ್" ಎಂದು ಬಾಗುವ ಅಗತ್ಯವಿಲ್ಲ. ಅದರಲ್ಲಿ ಏನು ಮಾಡಬೇಕು ಎಂಬುದೇ ಕಾಣೆಯಾಗಿದೆ.

ಪದ ಸರಿ, ದನಿ ತಪ್ಪು

ಪದಗಳೆಲ್ಲ ಸರಿಯಿದ್ದೂ ದನಿಯೊಂದೇ ಕೆಡಿಸಬಹುದು. ಭಾಷಾವಿಜ್ಞಾನಿ ಜಾನ್ ಗಂಪರ್ಜ್ 1982ರ ತಮ್ಮ ಪುಸ್ತಕದಲ್ಲಿ ದಾಖಲಿಸಿರುವ ಪ್ರಸಂಗ ಇದಕ್ಕೆ ಪ್ರಸಿದ್ಧ ಸಾಕ್ಷಿ. ಬ್ರಿಟನ್ನಿನ ದೊಡ್ಡ ವಿಮಾನ ನಿಲ್ದಾಣವೊಂದರ ಸಿಬ್ಬಂದಿ ಕ್ಯಾಂಟೀನಿನಲ್ಲಿ ಭಾರತ, ಪಾಕಿಸ್ತಾನ ಮೂಲದ ಮಹಿಳೆಯರು ಬಡಿಸುವ ಕೆಲಸಕ್ಕೆ ಸೇರಿದ್ದರು. ಅವರು ಸಿಡುಕಿನವರು, ಸಹಕಾರ ಕೊಡದವರು ಎಂಬ ದೂರು ಎದ್ದಿತು. ಅವರು ಆಡುತ್ತಿದ್ದ ಮಾತು ಬಹಳ ಕಡಿಮೆ. ಮಾಂಸದ ಊಟ ತೆಗೆದುಕೊಂಡವರಿಗೆ ಗ್ರೇವಿ ಬೇಕೇ ಎಂದು ಕೇಳಬೇಕಿತ್ತು. ಅಲ್ಲಿನವರು "ಗ್ರೇವಿ?" ಎಂದು ದನಿ ಏರಿಸಿ ಕೇಳುತ್ತಿದ್ದರು. ಈ ಮಹಿಳೆಯರು "ಗ್ರೇವಿ" ಎಂದು ದನಿ ಇಳಿಸಿ ಹೇಳುತ್ತಿದ್ದರು. ಇವರ ಮಟ್ಟಿಗೆ ಅದೇ ವಿನಯದ ಪ್ರಶ್ನೆ. ಕೇಳುವವರಿಗೆ ಮಾತ್ರ "ಇದು ಗ್ರೇವಿ, ಬೇಕಾದರೆ ತಗೋ" ಎಂದು ಹೇಳಿದಂತೆ ಕೇಳಿಸುತ್ತಿತ್ತು.

ಧ್ವನಿಮುದ್ರಿಕೆ ಕೇಳಿಸಿ ಚರ್ಚಿಸಿದಾಗ ಎರಡೂ ಕಡೆಯವರಿಗೆ ವಿಷಯ ತಿಳಿಯಿತು. ತಮ್ಮ ಮೇಲೆ ದ್ವೇಷವಿದೆ ಎಂದುಕೊಂಡಿದ್ದ ಆ ಮಹಿಳೆಯರಿಗೆ ಕಾರಣ ಅರ್ಥವಾಯಿತು. ಮೇಲ್ವಿಚಾರಕರಿಗೂ ಒರಟುತನ ಸ್ವಭಾವದಲ್ಲಿರಲಿಲ್ಲ ಎಂಬುದು ಗೊತ್ತಾಯಿತು. ಒಂದೇ ಒಂದು ಪದದ ಏರಿಳಿತದಿಂದ ಇಷ್ಟು ಮನಸ್ತಾಪ ಹುಟ್ಟಬಹುದಾದರೆ, ನಾವು ದಿನವೂ ಹಂಚುವ ರೂಡ್ ಎಂಬ ತೀರ್ಪುಗಳಲ್ಲಿ ಎಷ್ಟು ನಿಜವೋ ಯೋಚಿಸಬೇಕು. ಫೋನಿನಲ್ಲಿ, ಆನ್‌ಲೈನ್ ಸಭೆಯಲ್ಲಿ ಮುಖ ಕಾಣದಿರುವಾಗ ದನಿಯ ಮೇಲಿನ ಭಾರ ಇನ್ನೂ ಹೆಚ್ಚು. ಹೌದು ಅಥವಾ ಇಲ್ಲ ಎಂಬ ಉತ್ತರ ಬೇಡುವ ಪ್ರಶ್ನೆಯ ಕೊನೆಯಲ್ಲಿ ದನಿ ಏರಿಸಿ. "ಓಕೆ" ಎಂದು ಕತ್ತರಿಸುವ ಬದಲು "ಓಕೆ, ಥ್ಯಾಂಕ್ ಯು" ಎಂದು ಮುಗಿಸಿ. ಇಷ್ಟರಿಂದಲೇ ದೊಡ್ಡ ಬದಲಾವಣೆ ಕಾಣುತ್ತದೆ.

ರೂಡ್ ಎಂದು ಹೇಳಲೇಬೇಕಾದಾಗ

ಪೆನೆಲೊಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್‌ಸನ್ ಸಭ್ಯತೆಯ ಬಗ್ಗೆ ಬರೆದ, 1987ರಲ್ಲಿ ಪುಸ್ತಕವಾಗಿ ಬಂದ ಅಧ್ಯಯನ ಇಂಗ್ಲಿಷ್, ತಮಿಳು ಮತ್ತು ಮೆಕ್ಸಿಕೊದ ತ್ಸೆಲ್ಟಾಲ್ ಭಾಷೆಗಳನ್ನು ಆಧರಿಸಿದೆ. ಪ್ರತಿಯೊಬ್ಬರಿಗೂ ಸಮಾಜದಲ್ಲಿ ಒಂದು ಮುಖವಿದೆ, ಸಭ್ಯತೆಯೆಂದರೆ ಪರಸ್ಪರ ಆ ಮುಖವನ್ನು ಕಾಪಾಡುವುದು ಎಂಬುದು ಅವರ ವಾದದ ತಿರುಳು. ಮುಖಭಂಗ, ಮುಖದಾಕ್ಷಿಣ್ಯ ಎಂಬ ಪದಗಳನ್ನು ದಿನವೂ ಬಳಸುವ ಕನ್ನಡಿಗರಿಗೆ ಇದನ್ನು ವಿವರಿಸಬೇಕಿಲ್ಲ. ರೂಡ್ ಎಂದರೆ ಒಟ್ಟಿನಲ್ಲಿ ಮುಖಭಂಗ ಮಾಡುವ ವರ್ತನೆ. ಹಾಗೆಯೇ, ಒಬ್ಬರನ್ನು ಎಲ್ಲರೆದುರು ರೂಡ್ ಎಂದು ಕರೆಯುವುದೂ ಮುಖಭಂಗವೇ.

ಆದ್ದರಿಂದ ಹೇಳಲೇಬೇಕಾದಾಗ ನಾಲ್ಕು ವಿಷಯ ಗಮನಿಸಿ. ಮೊದಲು, ಒಬ್ಬರೇ ಇರುವಾಗ ಹೇಳಿ. ಎರಡನೆಯದಾಗಿ, ವ್ಯಕ್ತಿಯನ್ನು ಬಿಟ್ಟು ಮಾತನ್ನು ಹಿಡಿಯಿರಿ: "ದಟ್ ಕೇಮ್ ಅಕ್ರಾಸ್ ಆ್ಯಸ್ ರೂಡ್" ಎಂದರೆ ಆ ಮಾತು ನನಗೆ ಒರಟಾಗಿ ಕೇಳಿಸಿತು ಎಂದಷ್ಟೇ. ಮೂರನೆಯದಾಗಿ, ಅವರ ಉದ್ದೇಶ ಹಾಗಿರಲಿಕ್ಕಿಲ್ಲ ಎಂಬ ಅವಕಾಶ ಕೊಡಿ: "ಐ ಆ್ಯಮ್ ಶೂರ್ ಯು ಡಿಡಂಟ್ ಮೀನ್ ಇಟ್." ನಾಲ್ಕನೆಯದಾಗಿ, "ಐ ಡೋಂಟ್ ಮೀನ್ ಟು ಬಿ ರೂಡ್, ಬಟ್" ಎಂದು ಶುರುಮಾಡಬೇಡಿ. ಆ ಬಟ್ ನಂತರ ಬರುವುದು ಒರಟು ಮಾತೇ ಎಂದು ಕೇಳುವವರಿಗೆ ಆಗಲೇ ಗೊತ್ತಿರುತ್ತದೆ.

ಇಷ್ಟರ ಜೊತೆಗೆ ಒಂದು ವಿವೇಚನೆಯೂ ಬೇಕು. ತನ್ನ ಹಕ್ಕನ್ನು ಸ್ಪಷ್ಟವಾಗಿ ಕೇಳುವ ಹೆಣ್ಣುಮಗಳು, ಅನ್ಯಾಯವನ್ನು ಪ್ರಶ್ನಿಸುವ ಕಿರಿಯ ನೌಕರ, "ಆಗುವುದಿಲ್ಲ" ಎಂದು ನೇರವಾಗಿ ಹೇಳುವ ಕೆಲಸದಾಕೆ ರೂಡ್ ಅಲ್ಲ. ಇಲ್ಲ ಎನ್ನುವುದು ಒರಟುತನವಲ್ಲ. ಗಂಡಸು ಹೇಳಿದರೆ ದಿಟ್ಟತನ, ಅದನ್ನೇ ಹೆಂಗಸು ಹೇಳಿದರೆ ರೂಡ್ ಎನ್ನುವ ಅಳತೆಗೋಲನ್ನು ನಾವು ಮುರಿದೆಸೆಯಬೇಕು. ಅದೇ ಹೊತ್ತಿಗೆ, ಆಟೋ ಚಾಲಕರನ್ನು, ಹೋಟೆಲ್ ಮಾಣಿಯನ್ನು, ಭದ್ರತಾ ಸಿಬ್ಬಂದಿಯನ್ನು ಮೊದಲ ಭೇಟಿಯಲ್ಲೇ ಏಕವಚನದಲ್ಲಿ ಕರೆಯುವ ನಾವು, ಎಷ್ಟೇ ಒಳ್ಳೆಯ ಇಂಗ್ಲಿಷ್ ಮಾತಾಡಿದರೂ, ರೂಡ್ ಎಂಬ ಪದಕ್ಕೆ ಪೂರ್ತಿ ಅರ್ಹರು.

ಇಂದೇ ಒಂದು ಕೆಲಸ ಮಾಡಿ. ನೀವು ಕಳಿಸಿದ ಕೊನೆಯ ಐದು ಇಂಗ್ಲಿಷ್ ಸಂದೇಶಗಳನ್ನು ತೆರೆದು ಅವುಗಳಲ್ಲಿ ಎಷ್ಟು ಆಜ್ಞೆಗಳಿವೆ, ಎಷ್ಟು ಪ್ರಶ್ನೆಗಳಿವೆ ಎಂದು ನೋಡಿ. ಆಜ್ಞೆಗಳನ್ನು ಪ್ರಶ್ನೆಗಳಾಗಿ ಬದಲಿಸಿ ಬರೆಯಿರಿ, ಜೊತೆಗೊಂದು ಕಾರಣ ಸೇರಿಸಿ. ಯಾರನ್ನಾದರೂ ರೂಡ್ ಎನ್ನಬೇಕು ಅನಿಸಿದಾಗ ಅವರು ಕರ್ಟ್ ಇರಬಹುದೇ, ಬ್ಲಂಟ್ ಇರಬಹುದೇ, ಅಥವಾ ನಮ್ಮ ಕಿವಿಗೆ ಅವರ ದನಿ ಹೊಸದಿರಬಹುದೇ ಎಂದು ಒಮ್ಮೆ ಕೇಳಿಕೊಳ್ಳಿ. ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನಮ್ಮ ಹಿರಿಯರು ಹೇಳಿದ್ದು ಎಲ್ಲ ಭಾಷೆಗಳಿಗೂ ಅನ್ವಯಿಸುತ್ತದೆ.